ಜಾನ್ ಸ್ಟ್ರದರ್ಸ್

ಸರ್ ಜಾನ್ ಸ್ಟ್ರದರ್ಸ್ (೨೧ ಫೆಬ್ರವರಿ ೧೮೨೩ – ೨೪ ಫೆಬ್ರವರಿ ೧೮೯೯) ಸ್ಕಾಟ್ಲೆಂಡಿನ ಅಂಗರಚನಾಶಾಸ್ತ್ರಜ್ಞರು, ಶಸ್ತ್ರವೈದ್ಯರು ಮತ್ತು ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ರೀಜಿಯಸ್ ಪ್ರಾಧ್ಯಾಪಕರು. ಹ್ಯೂಮರಸ್ ಎಂದು ಕರೆಯಲಾಗುವ ಮೇಲ್ತೋಳಿನ ಮೂಳೆಯ ಕೆಳತುದಿಯ ಬಳಿ ಕೆಲವರಲ್ಲಿ ಮಾತ್ರ ಕಂಡುಬರುವ ಒಂದು ಸಣ್ಣ ಮೂಳೆಚಾಚನ್ನೂ ಅದರಿಂದ ಮೊಣಕೈಯ ಒಳಗೆಣ್ಣಿನವರೆಗೆ ಚಾಚಿಕೊಂಡಿರುವ ತಂತುಪಟ್ಟಿಯನ್ನೂ ಇವರು ವಿವರವಾಗಿ ಅಧ್ಯಯನ ಮಾಡಿದರು. ಆ ಪಟ್ಟಿಗೆ ಇಂದಿಗೂ ಸ್ಟ್ರದರ್ಸ್ ಅಸ್ಥಿರಜ್ಜು ಎಂಬ ಹೆಸರಿದೆ. ಈ ಅಧ್ಯಯನದ ಫಲಿತಾಂಶವನ್ನು ಚಾರ್ಲ್ಸ್ ಡಾರ್ವಿನ್ ಮಾನವ ವಿಕಾಸವನ್ನು ಕುರಿತ ತಮ್ಮ ಗ್ರಂಥದಲ್ಲಿ ಬಳಸಿಕೊಂಡರು. ೧೮೮೪ರಲ್ಲಿ ಡಂಡೀ ನಗರದಲ್ಲಿ ಸಾರ್ವಜನಿಕರ ಎದುರು ನಡೆದ ಟೇ ತಿಮಿಂಗಿಲದ ಅಂಗಛೇದನದಿಂದಲೂ ಸ್ಟ್ರದರ್ಸ್ ಪ್ರಸಿದ್ಧರಾಗಿದ್ದಾರೆ.

ಜನನ ಮತ್ತು ಶಿಕ್ಷಣ

ಜಾನ್ ಸ್ಟ್ರದರ್ಸ್ ೧೮೨೩ರ ಫೆಬ್ರವರಿ ೨೧ರಂದು ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಡನ್‌ಫರ್ಮ್ಲಿನ್ ಪಟ್ಟಣಕ್ಕೆ ಸೇರಿದ ಬ್ರೂಸ್‌ಫೀಲ್ಡ್‌ನಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಸ್ಟ್ರದರ್ಸ್ ಅಗಸೆನಾರಿನ ನೂಲುಗಿರಣಿಯ ಒಡೆಯರಾಗಿದ್ದರು. ತಾಯಿ ಮೇರಿ ರೀಡ್. ಡನ್‌ಫರ್ಮ್ಲಿನ್ ಆ ಕಾಲದಲ್ಲಿ ನಾರುಬಟ್ಟೆಯ ನೇಯ್ಗೆಗೆ ಹೆಸರಾದ ಊರು. ಕುಟುಂಬವು ಅನುಕೂಲಸ್ಥ ಸ್ಥಿತಿಯಲ್ಲಿದ್ದುದರಿಂದ ಬಾಲಕನ ಆರಂಭದ ವಿದ್ಯಾಭ್ಯಾಸ ಖಾಸಗಿ ಶಿಕ್ಷಕರಿಂದ ಮನೆಯಲ್ಲಿಯೇ ನಡೆಯಿತು. ಅವರ ಸಹೋದರರಾದ ಜೇಮ್ಸ್ ಮತ್ತು ಅಲೆಕ್ಸಾಂಡರ್ ಕೂಡ ಮುಂದೆ ವೈದ್ಯಕೀಯವನ್ನೇ ಆರಿಸಿಕೊಂಡರು.

ವೈದ್ಯಕೀಯ ವ್ಯಾಸಂಗಕ್ಕಾಗಿ ಎಡಿನ್‌ಬರೋಗೆ ತೆರಳಿದ ಸ್ಟ್ರದರ್ಸ್, ವಿದ್ಯಾರ್ಥಿಯಾಗಿದ್ದಾಗಲೇ ಹಲವು ಬಹುಮಾನಗಳನ್ನು ಗಳಿಸಿದರು. ೧೮೪೫ರಲ್ಲಿ ಎಂ.ಡಿ. ಪದವಿಯನ್ನು ಪಡೆದು, ಅದೇ ವರ್ಷ ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಫೆಲೋ ಆದರು. ಆಗ ಅವರಿಗೆ ಕೇವಲ ಇಪ್ಪತ್ತೆರಡು ವರ್ಷ ವಯಸ್ಸು. ಎಡಿನ್‌ಬರೋದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಕಿರಿಯ ಹುದ್ದೆಗಳಲ್ಲಿ ದುಡಿದು ವೈದ್ಯಕೀಯ ಅನುಭವವನ್ನೂ ಗಳಿಸಿದರು.

ಎಡಿನ್‌ಬರೋದಲ್ಲಿ ಬೋಧನೆ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಎಡಿನ್‌ಬರೋ ಯುರೋಪಿನ ಪ್ರಮುಖ ವೈದ್ಯಕೀಯ ಕೇಂದ್ರಗಳಲ್ಲಿ ಒಂದಾಗಿತ್ತು. ಅಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಜೊತೆಗೆ, ವಿಶ್ವವಿದ್ಯಾಲಯದ ಹೊರಗೆ ಸ್ವತಂತ್ರವಾಗಿ ಪಾಠ ಹೇಳುವ ಉಪನ್ಯಾಸಕರೂ ಇದ್ದರು. ವಿದ್ಯಾರ್ಥಿಗಳು ಶುಲ್ಕವನ್ನು ನೇರವಾಗಿ ಉಪನ್ಯಾಸಕರಿಗೇ ಕೊಡುತ್ತಿದ್ದುದರಿಂದ, ಚೆನ್ನಾಗಿ ಕಲಿಸುವವರ ತರಗತಿಗಳಷ್ಟೇ ಉಳಿಯುತ್ತಿದ್ದವು. ಇದೇ ವ್ಯವಸ್ಥೆಯಲ್ಲಿ ಹಿಂದೆ ಪ್ರಸಿದ್ಧರಾಗಿದ್ದ ರಾಬರ್ಟ್ ನಾಕ್ಸ್, ೧೮೨೮ರ ಬರ್ಕ್ ಮತ್ತು ಹೇರ್ ಕೊಲೆ ಪ್ರಕರಣದಲ್ಲಿ ಕೊಲೆಯಾದವರ ಶವಗಳನ್ನು ಕೊಂಡಿದ್ದರೆಂಬ ಅಪಖ್ಯಾತಿಗೆ ಗುರಿಯಾಗಿದ್ದರು. ಆ ಪ್ರಕರಣದ ಬಳಿಕ ೧೮೩೨ರ ಅಂಗರಚನಾಶಾಸ್ತ್ರ ಕಾಯಿದೆಯು ಶವಗಳ ಪೂರೈಕೆಯನ್ನು ಕಾನೂನಿನ ಚೌಕಟ್ಟಿಗೆ ತಂದಿತ್ತು.

ಸ್ಟ್ರದರ್ಸ್ ೧೮೪೭ರಲ್ಲಿ ಅಂಗರಚನಾಶಾಸ್ತ್ರದ ಬೋಧನೆಗೆ ಮಾನ್ಯತೆ ಪಡೆದು, ಇಂತಹ ಸ್ವತಂತ್ರ ಉಪನ್ಯಾಸಕರಾಗಿ ವೃತ್ತಿಜೀವನವನ್ನು ಆರಂಭಿಸಿದರು. ಮುಂದಿನ ಸುಮಾರು ಹದಿನಾರು ವರ್ಷ ಅವರು ಎಡಿನ್‌ಬರೋದಲ್ಲಿ ಪಾಠ ಹೇಳಿದರು. ಪುಸ್ತಕದಲ್ಲಿರುವುದನ್ನು ಒಪ್ಪಿಸುವುದಕ್ಕಿಂತ, ವಿದ್ಯಾರ್ಥಿಯು ತನ್ನ ಕೈಯಿಂದಲೇ ಅಂಗಛೇದನ ಮಾಡಿ, ಕಂಡದ್ದನ್ನು ಗುರುತಿಸಿಕೊಳ್ಳಬೇಕೆಂಬುದು ಅವರ ಬೋಧನೆಯ ತಿರುಳಾಗಿತ್ತು. ಅಂಗಛೇದನದ ಮೇಜಿನ ಮೇಲೆ ಪಠ್ಯಪುಸ್ತಕದ ವಿವರಣೆಗೆ ಹೊಂದದ ನರ, ರಕ್ತನಾಳ, ಸ್ನಾಯುಗಳು ಮೇಲಿಂದ ಮೇಲೆ ಎದುರಾಗುತ್ತಿದ್ದವು. ಅನೇಕರು ಇವನ್ನು ಅಪವಾದಗಳೆಂದು ಬದಿಗೆ ಸರಿಸುತ್ತಿದ್ದರು. ಸ್ಟ್ರದರ್ಸ್ ಇವುಗಳನ್ನೇ ಅಳೆದು, ಚಿತ್ರಿಸಿ, ದಾಖಲಿಸಿ ಸಂಗ್ರಹಿಸತೊಡಗಿದರು. ಅವರ ಮುಂದಿನ ಸಂಶೋಧನೆಗಳೆಲ್ಲಕ್ಕೂ ಈ ಸಂಗ್ರಹವೇ ಬುನಾದಿಯಾಯಿತು.

೧೮೫೭ರ ಆಗಸ್ಟ್ ೫ರಂದು ಸ್ಟ್ರದರ್ಸ್ ಕ್ರಿಸ್ಟಿನಾ ಮಾರ್ಗರೆಟ್ ಅಲೆಕ್ಸಾಂಡರ್ ಅವರನ್ನು ವಿವಾಹವಾದರು. ಅವರ ಮಗ ಜಾನ್ ವಿಲಿಯಂ ಸ್ಟ್ರದರ್ಸ್ ಕೂಡ ಶಸ್ತ್ರವೈದ್ಯರಾಗಿ, ತಂದೆ ಒಮ್ಮೆ ಅಲಂಕರಿಸಿದ್ದ ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಅಧ್ಯಕ್ಷಪದವಿಗೆ ೧೯೪೧ರಲ್ಲಿ ಏರಿದರು.

ಮೇಲ್ತೋಳಿನ ಮೂಳೆಯ ಅಧ್ಯಯನ

ಮೇಲ್ತೋಳಿನಲ್ಲಿ ಭುಜದಿಂದ ಮೊಣಕೈವರೆಗೆ ಇರುವುದು ಹ್ಯೂಮರಸ್ ಎಂಬ ಒಂದೇ ಉದ್ದ ಮೂಳೆ. ಅದರ ಕೆಳತುದಿಯ ಎರಡು ಪಕ್ಕಗಳಲ್ಲಿ ಕೈಗೆ ಸಿಗುವಂತಹ ಎರಡು ಉಬ್ಬುಗಳಿವೆ. ದೇಹದ ಕಡೆಗಿರುವ ಉಬ್ಬನ್ನು ಒಳಗೆಣ್ಣು ಎನ್ನಬಹುದು. ತೋಳಿನ ಪ್ರಧಾನ ಅಪಧಮನಿ ಮತ್ತು ಮೀಡಿಯನ್ ನರ ಎರಡೂ ತೋಳಿನ ಒಳಬದಿಯಲ್ಲಿ ಜೊತೆಜೊತೆಯಾಗಿ ಇಳಿದು ಮೊಣಕೈಯ ಮುಂಭಾಗವನ್ನು ದಾಟುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಸ್ಪರ್ಶಜ್ಞಾನಕ್ಕೂ ಮುಂಗೈಯ ಅನೇಕ ಸ್ನಾಯುಗಳ ಚಲನೆಗೂ ಈ ನರವೇ ಆಧಾರ.

ಕೆಲವೇ ಜನರಲ್ಲಿ ಒಳಗೆಣ್ಣಿಗಿಂತ ಕೆಲವು ಸೆಂಟಿಮೀಟರ್ ಮೇಲೆ, ಮೂಳೆಯ ಮುಂದಿನ ಒಳಮೈಯಿಂದ ಕೊಕ್ಕೆಯಾಕಾರದ ಒಂದು ಸಣ್ಣ ಚಾಚು ಹೊರಟಿರುತ್ತದೆ. ಇದನ್ನು ಸುಪ್ರಾಕಾಂಡೈಲಾರ್ ಚಾಚು ಎಂದು ಕರೆಯುತ್ತಾರೆ. ಇದರ ತುದಿ ಕೆಳಮುಖವಾಗಿ, ಅಂದರೆ ಮೊಣಕೈಯ ಕಡೆಗೆ ಬಾಗಿರುತ್ತದೆ. ಆ ತುದಿಯಿಂದ ಒಳಗೆಣ್ಣಿನವರೆಗೆ ಗಟ್ಟಿಯಾದ ತಂತುಪಟ್ಟಿಯೊಂದು ಬಿಗಿದುಕೊಂಡಿರುತ್ತದೆ. ಹೀಗೆ ಮೂಳೆ, ಚಾಚು ಮತ್ತು ಪಟ್ಟಿಗಳ ನಡುವೆ ಒಂದು ಕಿರಿದಾದ ಕಂಡಿ ಏರ್ಪಡುತ್ತದೆ. ಮೀಡಿಯನ್ ನರವು ಈ ಕಂಡಿಯ ಮೂಲಕ ಹಾಯುತ್ತದೆ. ಅನೇಕ ವೇಳೆ ಅಪಧಮನಿಯೂ ಅದರ ಜೊತೆಗಿರುತ್ತದೆ.

ಈ ಚಾಚನ್ನು ಮೊದಲು ಕಂಡವರು ಸ್ಟ್ರದರ್ಸ್ ಅಲ್ಲ. ಜರ್ಮನಿಯ ಫ್ರೀಡ್ರಿಕ್ ಟೀಡೆಮನ್ ಶತಮಾನದ ಆರಂಭದ ದಶಕಗಳಲ್ಲಿಯೇ ಇದನ್ನು ವರ್ಣಿಸಿದ್ದರು. ರಾಬರ್ಟ್ ನಾಕ್ಸ್ ಕೂಡ ೧೮೪೧ರಲ್ಲಿ ಇದರತ್ತ ಗಮನ ಸೆಳೆದಿದ್ದರು. ಸ್ಟ್ರದರ್ಸ್ ೧೮೪೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೂಳೆಯ ಈ ವೈಶಿಷ್ಟ್ಯವನ್ನು ಅಪಧಮನಿಯ ದಾರಿಯೊಂದಿಗೆ ಸೇರಿಸಿ ವಿವರಿಸಿದರು. ೧೮೫೪ರಲ್ಲಿ ತೋಳಿನ ಅಸಹಜ ರಚನೆಗಳನ್ನು ಕುರಿತು ಇನ್ನೂ ವಿಸ್ತಾರವಾದ ಲೇಖನವನ್ನು ಬರೆದರು. ಒಣಗಿದ ಮೂಳೆಯನ್ನು ಮಾತ್ರ ನೋಡಿದರೆ ಚಾಚು ಕಾಣುತ್ತದೆಯೇ ಹೊರತು ಅದರ ಕೆಳಗೆ ಏನು ಹಾಯುತ್ತಿತ್ತು ಎಂಬುದು ತಿಳಿಯುವುದಿಲ್ಲ. ಮೂಳೆ, ಪಟ್ಟಿ, ನರ, ರಕ್ತನಾಳ ಮತ್ತು ಸ್ನಾಯುಗಳನ್ನು ಒಂದೇ ತೋಳಿನಲ್ಲಿ ಒಟ್ಟಾಗಿ ಪರಿಶೀಲಿಸಿ, ಅವುಗಳ ಪರಸ್ಪರ ಸಂಬಂಧವನ್ನು ಸ್ಥಾಪಿಸಿದ್ದು ಸ್ಟ್ರದರ್ಸ್ ಅವರ ಹೆಚ್ಚುಗಾರಿಕೆ. ಪಟ್ಟಿಗೆ ಅವರ ಹೆಸರು ಬರಲು ಇದೇ ಕಾರಣ.

ಅಂದಿನ ಶಸ್ತ್ರವೈದ್ಯರಿಗೆ ಈ ವಿಷಯ ಕೇವಲ ಕುತೂಹಲದ್ದಾಗಿರಲಿಲ್ಲ. ಕ್ಲೋರೋಫಾರ್ಮ್ ಎಡಿನ್‌ಬರೋದಲ್ಲಿ ಬಳಕೆಗೆ ಬಂದದ್ದು ೧೮೪೭ರ ಕೊನೆಯಲ್ಲಿ. ಅಲ್ಲಿಯವರೆಗೆ ಶಸ್ತ್ರಕ್ರಿಯೆಯ ಯಶಸ್ಸು ಬಹುಮಟ್ಟಿಗೆ ಕೈಯ ವೇಗವನ್ನು ಅವಲಂಬಿಸಿತ್ತು. ಹಲವು ಕಾಯಿಲೆಗಳಿಗೆ ಚಿಕಿತ್ಸೆಯೆಂದು ಮೊಣಕೈಯ ಮುಂಭಾಗದ ಅಭಿಧಮನಿಯಿಂದ ರಕ್ತ ತೆಗೆಯುವ ರೂಢಿ ವ್ಯಾಪಕವಾಗಿದ್ದುದರಿಂದ, ಅದರ ಹಿಂದೆಯೇ ಇರುವ ಅಪಧಮನಿಗೆ ಪೆಟ್ಟು ಬೀಳುವುದೂ ಉಂಟಿತ್ತು. ಆಗ ಮೇಲ್ತೋಳಿನಲ್ಲಿ ಅಪಧಮನಿಯನ್ನು ಹುಡುಕಿ ಕಟ್ಟಬೇಕಾಗುತ್ತಿತ್ತು. ಅಪಧಮನಿಯು ಎಂದಿನ ಜಾಗದಲ್ಲಿರದೆ ಮೂಳೆಚಾಚಿನ ಹಿಂದೆ ಸರಿದಿದ್ದರೆ, ಅದನ್ನು ಅರಿಯದ ವೈದ್ಯನು ರಕ್ತನಾಳವನ್ನು ಕಾಣದೆ ಹೋಗುವ ಅಥವಾ ನರವನ್ನೇ ಕಟ್ಟಿಬಿಡುವ ಅಪಾಯವಿತ್ತು. ಚರ್ಮದ ಮೇಲಿಂದ ಬೆರಳಿಗೆ ಸಿಗುವ ಒಂದು ಗಂಟು, ಒಳಗಿನ ರಕ್ತನಾಳದ ದಾರಿ ಬದಲಾಗಿರಬಹುದೆಂಬ ಮುನ್ಸೂಚನೆಯನ್ನು ನೀಡಬಲ್ಲದು. ಈ ಅಧ್ಯಯನದ ಪ್ರಾಯೋಗಿಕ ಬೆಲೆ ಅದರಲ್ಲಿತ್ತು.

ಡಾರ್ವಿನ್ ಮತ್ತು ವಿಕಾಸವಾದ

ಬೆಕ್ಕು ಮತ್ತು ಅದರ ಜಾತಿಯ ಪ್ರಾಣಿಗಳ ಮೇಲ್ತೋಳಿನ ಮೂಳೆಯಲ್ಲಿ, ಒಳಗೆಣ್ಣಿನ ಮೇಲುಗಡೆ ಪೂರ್ತಿ ಮೂಳೆಯಿಂದಲೇ ಆದ ಒಂದು ರಂಧ್ರವಿದೆ. ಮೀಡಿಯನ್ ನರವೂ ಅಪಧಮನಿಯೂ ಅದರ ಮೂಲಕ ಹಾಯುತ್ತವೆ. ಲೀಮರ್‌ಗಳಲ್ಲಿಯೂ ಅಮೆರಿಕ ಖಂಡದ ಅನೇಕ ಕೋತಿಗಳಲ್ಲಿಯೂ ಇಂತಹುದೇ ರಂಧ್ರವಿದೆ. ಮನುಷ್ಯನಲ್ಲಿ ವಿರಳವಾಗಿ ಕಾಣುವ ಚಾಚು ಮತ್ತು ಪಟ್ಟಿ ಸೇರಿ ಆಗುವ ಕಂಡಿಯು ಆ ರಂಧ್ರಕ್ಕೆ ಸಮನಾದ ರಚನೆ ಎಂಬ ಅಭಿಪ್ರಾಯ ಅಂಗರಚನಾಶಾಸ್ತ್ರಜ್ಞರಲ್ಲಿ ಮೊದಲೇ ಇತ್ತು. ಆದರೆ ಅಂತಹ ಹೋಲಿಕೆ ಏಕೆ ಇರಬೇಕೆಂಬುದಕ್ಕೆ ಒಪ್ಪುವಂತಹ ವಿವರಣೆ ಇರಲಿಲ್ಲ.

೧೮೫೯ರಲ್ಲಿ ಡಾರ್ವಿನ್ನರ ಜೀವಿಜಾತಿಗಳ ಉಗಮವನ್ನು ಕುರಿತ ಗ್ರಂಥ ಪ್ರಕಟವಾದಾಗ, ಅದನ್ನು ಬೆಂಬಲಿಸಿದ ಎಡಿನ್‌ಬರೋದ ಮೊದಮೊದಲ ಬೋಧಕರಲ್ಲಿ ಸ್ಟ್ರದರ್ಸ್ ಒಬ್ಬರು. ಅವರು ವರ್ಷಗಳಿಂದ ಕೂಡಿಟ್ಟಿದ್ದ ಅಪವಾದಗಳಿಗೆ ಹೊಸ ಸಿದ್ಧಾಂತವು ಅರ್ಥವನ್ನು ಕೊಟ್ಟಿತು. ಒಂದು ಜೀವಿಯ ದೇಹದಲ್ಲಿ ಉಪಯೋಗವಿಲ್ಲದೆ ಉಳಿದ ರಚನೆಯು ಅದರ ಪೂರ್ವಜರ ಇತಿಹಾಸದ ಗುರುತಾಗಿರಬಹುದು ಎಂಬ ದೃಷ್ಟಿಯಿಂದ ಅವರು ತಮ್ಮ ಸಂಗ್ರಹವನ್ನು ಮತ್ತೆ ಪರಿಶೀಲಿಸಿದರು.

ಇಲ್ಲಿ ಒಂದು ಮುಖ್ಯ ಪ್ರಶ್ನೆ ಉಳಿದಿತ್ತು. ತೋಳಿನ ಮೂಳೆಚಾಚು ಪೆಟ್ಟಿನಿಂದಲೋ ರೋಗದಿಂದಲೋ ಬೆಳೆದ ಗಂಟಾಗಿದ್ದರೆ, ಅದಕ್ಕೂ ಪೂರ್ವಜರಿಗೂ ಯಾವ ಸಂಬಂಧವೂ ಇರುವುದಿಲ್ಲ. ಅದು ವಂಶಪಾರಂಪರ್ಯವಾಗಿ ಬರುವುದೆಂದು ತೋರಿಸಿದರೆ ಮಾತ್ರ ವಿಕಾಸವಾದದ ವಾದಕ್ಕೆ ಬಲ ಬರುತ್ತದೆ. ಸ್ಟ್ರದರ್ಸ್ ಒಂದು ಕುಟುಂಬವನ್ನು ಪರಿಶೀಲಿಸಿ, ತಂದೆಯಲ್ಲಿಯೂ ಅವನ ಏಳು ಮಕ್ಕಳ ಪೈಕಿ ನಾಲ್ವರಲ್ಲಿಯೂ ಈ ಚಾಚು ಇರುವುದನ್ನು ಗುರುತಿಸಿದರು. ಈ ಸಂಗತಿಯನ್ನು ೧೮೭೩ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರರಲ್ಲಿ ಒಬ್ಬರಿಗೆ ಇರುವಂತಹ ಲಕ್ಷಣವು ಒಂದೇ ಕುಟುಂಬದ ಐವರಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ತೀರ ಕಡಿಮೆ.

ಮನುಷ್ಯನ ಉಗಮವನ್ನು ಕುರಿತು ಡಾರ್ವಿನ್ ೧೮೭೧ರಲ್ಲಿ ಪ್ರಕಟಿಸಿದ ಗ್ರಂಥವು ಪರಿಷ್ಕರಣಗೊಂಡಾಗ, ಅದರಲ್ಲಿನ ಅವಶೇಷಾಂಗಗಳ ಚರ್ಚೆಯಲ್ಲಿ ಸ್ಟ್ರದರ್ಸ್ ಅವರ ಈ ಕುಟುಂಬದ ವೃತ್ತಾಂತವು ಸೇರಿತು. ಚಾಚು ಸುಮಾರು ಶೇಕಡಾ ಒಂದರಷ್ಟು ಅಸ್ಥಿಪಂಜರಗಳಲ್ಲಿ ಕಾಣುತ್ತದೆ ಎಂಬ ವಿಲಿಯಂ ಟರ್ನರ್ ಅವರ ಅಂದಾಜನ್ನೂ ಡಾರ್ವಿನ್ ಅಲ್ಲಿಯೇ ನೀಡಿದ್ದಾರೆ. ಮನುಷ್ಯನಿಗೆ ಅತಿ ಸಮೀಪದ ಬಂಧುಗಳಾದ ಚಿಂಪಾಂಜಿ, ಗೊರಿಲ್ಲಾಗಳಲ್ಲಿ ಸಾಮಾನ್ಯವಾಗಿ ಈ ರಂಧ್ರ ಇರುವುದಿಲ್ಲವಾದ್ದರಿಂದ, ಚಾಚಿನ ಪೂರ್ವೇತಿಹಾಸವನ್ನು ಕುರಿತ ಚರ್ಚೆ ಮುಂದೆಯೂ ಮುಂದುವರಿಯಿತು. ಆದರೆ ಅದು ರೋಗದ ಗಂಟಲ್ಲ, ಹುಟ್ಟಿನಿಂದ ಬರುವ ರಚನಾವ್ಯತ್ಯಾಸ ಎಂಬ ಸ್ಟ್ರದರ್ಸ್ ಅವರ ನಿಲುವು ಉಳಿದುಕೊಂಡಿದೆ.

ಇತರ ಸಂಶೋಧನೆಗಳು

ಮಾನವ ದೇಹದ ವ್ಯತ್ಯಾಸಗಳನ್ನು ಕುರಿತ ಸ್ಟ್ರದರ್ಸ್ ಅವರ ಕೆಲಸವು ತೋಳಿಗಷ್ಟೇ ಸೀಮಿತವಾಗಿರಲಿಲ್ಲ. ೧೮೬೩ರಲ್ಲಿ ಕೈಕಾಲುಗಳ ಬೆರಳುಗಳ ಸಂಖ್ಯೆಯಲ್ಲಿ ಕಾಣುವ ಹೆಚ್ಚುಕಡಿಮೆಗಳನ್ನು ಕುರಿತು ಬರೆದರು. ಆರು ಬೆರಳುಗಳು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗುವ ಬಗೆಯನ್ನು ಚರ್ಚಿಸುವಾಗ ಡಾರ್ವಿನ್ ಇದನ್ನೂ ಬಳಸಿಕೊಂಡರು. ಅದೇ ವರ್ಷ ದೇಹದ ಎಡ ಮತ್ತು ಬಲ ಭಾಗಗಳ ಒಳಾಂಗಗಳ ತೂಕವನ್ನು ಹೋಲಿಸಿ, ಯಕೃತ್ತಿನ ಭಾರದಿಂದಾಗಿ ದೇಹದ ಗುರುತ್ವಕೇಂದ್ರವು ಬಲಕ್ಕೆ ಸರಿದಿರುತ್ತದೆ ಎಂಬ ಲೇಖನವನ್ನು ಪ್ರಕಟಿಸಿದರು. ಬಹುತೇಕ ಜನರು ಬಲಗೈಯನ್ನೇ ಹೆಚ್ಚು ಬಳಸುವುದಕ್ಕೆ ಇದು ಕಾರಣವಿರಬಹುದೆಂಬ ಚರ್ಚೆಗೆ ಈ ಲೇಖನ ಆಧಾರವಾಯಿತು. ಇಂದು ಆ ವಿವರಣೆಗೆ ಮನ್ನಣೆಯಿಲ್ಲ. ಬಲಗೈ ಬಳಕೆಯನ್ನು ಮಿದುಳಿನ ಬೆಳವಣಿಗೆಯೊಂದಿಗೆ ಸಂಬಂಧಿಸಿ ನೋಡಲಾಗುತ್ತದೆ. ಬೆನ್ನುಮೂಳೆಯ ಕಶೇರುಗಳು ಮತ್ತು ಪಕ್ಕೆಲುಬುಗಳ ವ್ಯತ್ಯಾಸಗಳನ್ನು ಕುರಿತು ಅವರು ೧೮೭೦ರ ದಶಕದಲ್ಲಿ ದೀರ್ಘ ಲೇಖನವನ್ನು ಬರೆದರು. ಎಡಿನ್‌ಬರೋದ ಅಂಗರಚನಾಶಾಸ್ತ್ರ ಪರಂಪರೆಯ ಇತಿಹಾಸವನ್ನು ನಿರೂಪಿಸುವ ಅವರ ಪುಸ್ತಕ ೧೮೬೭ರಲ್ಲಿ ಹೊರಬಂದಿತು.

ಅಬರ್ಡೀನ್ ವಿಶ್ವವಿದ್ಯಾಲಯ

ಅಬರ್ಡೀನ್ ನಗರದಲ್ಲಿದ್ದ ಕಿಂಗ್ಸ್ ಕಾಲೇಜು ಮತ್ತು ಮಾರಿಷಲ್ ಕಾಲೇಜುಗಳು ೧೮೬೦ರಲ್ಲಿ ಒಂದಾಗಿ ಅಬರ್ಡೀನ್ ವಿಶ್ವವಿದ್ಯಾಲಯ ರೂಪುಗೊಂಡಿತ್ತು. ೧೮೬೩ರಲ್ಲಿ ಸ್ಟ್ರದರ್ಸ್ ಅಲ್ಲಿ ಅಂಗರಚನಾಶಾಸ್ತ್ರದ ರೀಜಿಯಸ್ ಪ್ರಾಧ್ಯಾಪಕರಾಗಿ ನೇಮಕಗೊಂಡರು. ರೀಜಿಯಸ್ ಎಂದರೆ ರಾಜಪೀಠದ ನೇಮಕಾತಿಯಿಂದ ದೊರೆಯುವ ಹುದ್ದೆ. ೧೮೮೯ರವರೆಗೆ, ಇಪ್ಪತ್ತಾರು ವರ್ಷಗಳ ಕಾಲ ಅವರು ಈ ಸ್ಥಾನದಲ್ಲಿದ್ದರು.

ಮಾರಿಷಲ್ ಕಾಲೇಜಿನಲ್ಲಿ ಅವರು ಅಂಗರಚನಾ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದರು. ಮನುಷ್ಯರ ಮತ್ತು ಪ್ರಾಣಿಗಳ ಮೂಳೆಗಳನ್ನು ಅಕ್ಕಪಕ್ಕದಲ್ಲಿರಿಸಿ ಹೋಲಿಸಿ ನೋಡಲು ಅದರಲ್ಲಿ ಅವಕಾಶವಿತ್ತು. ವಿದ್ಯಾರ್ಥಿಯು ಮನುಷ್ಯದೇಹವನ್ನು ಪ್ರತ್ಯೇಕವಾಗಿ ಅಲ್ಲದೆ, ಇತರ ಜೀವಿಗಳ ದೇಹಗಳೊಂದಿಗೆ ಸೇರಿಸಿ ಅರಿಯಬೇಕೆಂಬ ಉದ್ದೇಶ ಇದರ ಹಿಂದಿತ್ತು. ೧೮೮೩ರಿಂದ ೧೮೯೧ರವರೆಗೆ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಸದಸ್ಯರಾಗಿದ್ದ ಅವರು, ವೈದ್ಯಕೀಯ ಶಿಕ್ಷಣದ ಸುಧಾರಣೆಯ ಚರ್ಚೆಗಳಲ್ಲಿ ಸಕ್ರಿಯವಾಗಿ ಪಾಲ್ಗೊಂಡರು. ೧೮೮೫ರಲ್ಲಿ ಗ್ಲ್ಯಾಸ್ಗೋ ವಿಶ್ವವಿದ್ಯಾಲಯವು ಅವರಿಗೆ ಗೌರವ ಎಲ್‌ಎಲ್.ಡಿ. ಪದವಿಯನ್ನು ನೀಡಿತು.

ತಿಮಿಂಗಿಲಗಳ ಅಧ್ಯಯನ

ಅಬರ್ಡೀನ್ ಉತ್ತರ ಸಮುದ್ರದ ತೀರದಲ್ಲಿದೆ. ಅದರ ಉತ್ತರಕ್ಕಿರುವ ಪೀಟರ್‌ಹೆಡ್ ಆ ಕಾಲದಲ್ಲಿ ತಿಮಿಂಗಿಲ ಬೇಟೆಯ ಬಂದರಾಗಿತ್ತು. ದಡಕ್ಕೆ ಬಂದು ಬಿದ್ದ ತಿಮಿಂಗಿಲಗಳನ್ನೂ ಬೇಟೆಗಾರರು ತಂದ ದೇಹಭಾಗಗಳನ್ನೂ ಪಡೆಯಲು ಸ್ಟ್ರದರ್ಸ್ ಅವರಿಗೆ ಇದರಿಂದ ಅನುಕೂಲವಾಯಿತು. ತಿಮಿಂಗಿಲವು ನೆಲದ ಮೇಲಿನ ಸಸ್ತನಿಗಳಿಂದ ವಿಕಾಸಗೊಂಡಿದ್ದರೆ ಕೈಕಾಲುಗಳ ಗುರುತು ಅದರ ದೇಹದೊಳಗೆ ಉಳಿದಿರಬೇಕು. ಆ ಗುರುತನ್ನು ಹುಡುಕುವುದು ಅವರ ಗುರಿಯಾಗಿತ್ತು.

ಪೀಟರ್‌ಹೆಡ್‌ನಲ್ಲಿ ದೊರೆತ ದೊಡ್ಡ ಫಿನ್ ತಿಮಿಂಗಿಲವೊಂದರ ಅಧ್ಯಯನವನ್ನು ಅವರು ೧೮೭೧ರಲ್ಲಿ ಪ್ರಕಟಿಸಿದರು. ತಿಮಿಂಗಿಲದ ಮುಂಗೈ ಒಂದು ಹುಟ್ಟಿನಂತೆ ಬಿಗಿದುಕೊಂಡಿದ್ದು, ಬೆರಳುಗಳು ಬೇರೆಬೇರೆಯಾಗಿ ಆಡುವುದಿಲ್ಲ. ಹಾಗಿದ್ದರೂ ಬೆರಳುಗಳನ್ನು ಮಡಿಸುವ ಸ್ನಾಯುಗಳು ಅಲ್ಲಿ ಉಳಿದಿರುವುದನ್ನು ಅವರು ತೋರಿಸಿದರು. ೧೮೮೧ರಲ್ಲಿ ಗ್ರೀನ್‌ಲ್ಯಾಂಡ್ ತಿಮಿಂಗಿಲದ ಹಿಂಗಾಲಿನ ಅವಶೇಷಗಳನ್ನು ಕುರಿತ ಅವರ ಮಹತ್ವದ ಲೇಖನ ಹೊರಬಂದಿತು. ದೇಹದ ಹೊರಗೆ ಎಂದೂ ಕಾಣದ ಈ ಪುಟ್ಟ ಮೂಳೆಗಳಿಗೆ ಕೀಲುಗಳೂ ಅಸ್ಥಿರಜ್ಜುಗಳೂ ಸ್ನಾಯುಗಳೂ ಇರುವುದನ್ನು ಅವರು ಒಂದೊಂದಾಗಿ ವಿವರಿಸಿದರು.

ಟೇ ತಿಮಿಂಗಿಲದ ಪ್ರಕರಣವು ಅವರ ಹೆಸರನ್ನು ಜನಸಾಮಾನ್ಯರವರೆಗೆ ಒಯ್ದಿತು. ೧೮೮೩ರ ಕೊನೆಯಲ್ಲಿ ಗೂನುಬೆನ್ನಿನ ತಿಮಿಂಗಿಲವೊಂದು ಡಂಡೀ ಬಳಿಯ ಟೇ ಅಳಿವೆಗೆ ಬಂದಿತು. ಡಂಡೀ ಕೂಡ ತಿಮಿಂಗಿಲ ಬೇಟೆಯ ಬಂದರೇ ಆಗಿದ್ದುದರಿಂದ ಬೇಟೆಗಾರರು ಅದನ್ನು ಬೆನ್ನಟ್ಟಿದರು. ಡಿಸೆಂಬರ್ ೩೧ರಂದು ಈಟಿ ತಗುಲಿದರೂ ತಿಮಿಂಗಿಲವು ಹಗ್ಗ ಹರಿದು ತಪ್ಪಿಸಿಕೊಂಡಿತು. ಸುಮಾರು ಒಂದು ವಾರದ ಬಳಿಕ ಸಮುದ್ರದಲ್ಲಿ ತೇಲುತ್ತಿದ್ದ ಅದರ ಶವವನ್ನು ಸ್ಟೋನ್‌ಹೇವನ್ ತೀರಕ್ಕೆ ಎಳೆದು ತರಲಾಯಿತು. ಸುಮಾರು ೪೦ ಅಡಿ ಉದ್ದದ ಆ ದೇಹವನ್ನು ಜಾನ್ ವುಡ್ಸ್ ಎಂಬ ವ್ಯಾಪಾರಿ ಹರಾಜಿನಲ್ಲಿ ೨೨೬ ಪೌಂಡುಗಳಿಗೆ ಕೊಂಡು, ಡಂಡೀಗೆ ಸಾಗಿಸಿ, ಹಣ ತೆತ್ತು ನೋಡುವ ಪ್ರದರ್ಶನಕ್ಕಿಟ್ಟರು.

ದೇಹವು ದಿನದಿಂದ ದಿನಕ್ಕೆ ಕೊಳೆಯುತ್ತಿದ್ದರೂ ವ್ಯಾಪಾರಿಗೆ ಪ್ರದರ್ಶನ ಮುಂದುವರಿಯಬೇಕಾಗಿತ್ತು; ಸ್ಟ್ರದರ್ಸ್ ಅವರಿಗೆ ಮೂಳೆಗಳೂ ಸ್ನಾಯುಗಳೂ ಹಾಳಾಗುವ ಮೊದಲೇ ಕೈಗೆ ಸಿಗಬೇಕಾಗಿತ್ತು. ಕೊನೆಗೆ ೧೮೮೪ರ ಜನವರಿ ೨೫ರಂದು ಸ್ಟ್ರದರ್ಸ್ ಮತ್ತು ಅವರ ಸಹಾಯಕರು ಪ್ರೇಕ್ಷಕರ ಎದುರಿನಲ್ಲಿ, ಸೇನಾವಾದ್ಯದ ಹಿನ್ನೆಲೆಯಲ್ಲಿ ಅಂಗಛೇದನವನ್ನು ಕೈಗೊಂಡರು. ಅಸ್ಥಿಪಂಜರದ ಬಹುಭಾಗವನ್ನು ಹೊರತೆಗೆದ ಮೇಲೆ ವುಡ್ಸ್ ಉಳಿದ ದೇಹವನ್ನು ಕೆಡದಂತೆ ಸಂಸ್ಕರಿಸಿ, ಒಳಗೆ ತುಂಬಿಸಿ, ಬೇರೆ ನಗರಗಳಲ್ಲಿ ಪ್ರದರ್ಶಿಸಿದರು. ಆ ಸುತ್ತಾಟ ಮುಗಿದು ದೇಹ ಹಿಂದಿರುಗಿದ ಬಳಿಕ, ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಟ್ರದರ್ಸ್ ಉಳಿದ ಮೂಳೆಗಳನ್ನು ಪಡೆದು ಅಧ್ಯಯನವನ್ನು ಪೂರ್ಣಗೊಳಿಸಿದರು. ಗೂನುಬೆನ್ನಿನ ತಿಮಿಂಗಿಲದ ಅಂಗರಚನೆಯನ್ನು ಕುರಿತ ಅವರ ಪ್ರಬಂಧಗ್ರಂಥ ೧೮೮೯ರಲ್ಲಿ ಪ್ರಕಟವಾಯಿತು. ಆ ತಿಮಿಂಗಿಲದ ಅಸ್ಥಿಪಂಜರವು ಡಂಡೀಯ ಮೆಕ್‌ಮ್ಯಾನಸ್ ವಸ್ತುಸಂಗ್ರಹಾಲಯದಲ್ಲಿದೆ. ಡಂಡೀಯ ಕವಿ ವಿಲಿಯಂ ಮೆಕ್‌ಗೊನಗಲ್ ಈ ತಿಮಿಂಗಿಲವನ್ನು ಕುರಿತು ಒಂದು ಕವಿತೆಯನ್ನೂ ಬರೆದಿದ್ದಾರೆ.

ನಿವೃತ್ತಿ, ಗೌರವಗಳು ಮತ್ತು ನಿಧನ

೧೮೮೯ರಲ್ಲಿ ಅಬರ್ಡೀನಿನ ಹುದ್ದೆಯಿಂದ ನಿವೃತ್ತರಾದ ಸ್ಟ್ರದರ್ಸ್ ಎಡಿನ್‌ಬರೋಗೆ ಹಿಂದಿರುಗಿದರು. ಅವರ ಸ್ಥಾನಕ್ಕೆ ರಾಬರ್ಟ್ ವಿಲಿಯಂ ರೀಡ್ ಬಂದರು. ನಿವೃತ್ತಿಯ ನಂತರ ಸ್ಟ್ರದರ್ಸ್ ಲೀತ್ ಆಸ್ಪತ್ರೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ೧೮೯೫ರಿಂದ ೧೮೯೭ರವರೆಗೆ ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಅಧ್ಯಕ್ಷರಾಗಿದ್ದರು. ೧೮೯೮ರಲ್ಲಿ ವಿಕ್ಟೋರಿಯಾ ರಾಣಿಯಿಂದ ನೈಟ್ ಪದವಿಯನ್ನು ಪಡೆದರು. ೧೮೯೯ರ ಫೆಬ್ರವರಿ ೨೪ರಂದು, ಎಪ್ಪತ್ತಾರು ವರ್ಷ ತುಂಬಿದ ಮೂರು ದಿನಗಳ ಬಳಿಕ ಎಡಿನ್‌ಬರೋದಲ್ಲಿ ನಿಧನರಾದರು. ಅಲ್ಲಿನ ವಾರಿಸ್ಟನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಮೂಳೆಚಾಚಿನ ಅಳತೆಗಳು

ಸ್ಟ್ರದರ್ಸ್ ಅವರ ವೃತ್ತಿಜೀವನದ ಬಹುಪಾಲು ಕಾಲ ಜೀವಂತ ವ್ಯಕ್ತಿಯ ಮೂಳೆಯನ್ನು ಕಣ್ಣಾರೆ ನೋಡುವ ಉಪಾಯವಿರಲಿಲ್ಲ. ಕ್ಷ-ಕಿರಣಗಳ ಶೋಧ ನಡೆದದ್ದು ೧೮೯೫ರಲ್ಲಿ. ಚಾಚನ್ನು ಬೆರಳಿನಿಂದ ತಡವಿ ಗುರುತಿಸಬೇಕಾಗಿತ್ತು, ಇಲ್ಲವೇ ಅಂಗಛೇದನದಲ್ಲಿ ಕಾಣಬೇಕಾಗಿತ್ತು. ನಂತರದ ಅಧ್ಯಯನಗಳು ಸಂಗ್ರಹಾಲಯದ ಒಣ ಮೂಳೆಗಳನ್ನೂ ಕ್ಷ-ಕಿರಣ ಚಿತ್ರಗಳನ್ನೂ ಅಳೆದು ಈ ವಿವರಗಳನ್ನು ನಿಖರಗೊಳಿಸಿವೆ.

ಚಾಚು ಸಾಮಾನ್ಯವಾಗಿ ಒಳಗೆಣ್ಣಿಗಿಂತ ೫ರಿಂದ ೭ ಸೆಂಟಿಮೀಟರ್ ಮೇಲಿರುತ್ತದೆ. ಅದರ ಉದ್ದವು ಕೆಲವರಲ್ಲಿ ೨ ಮಿಲಿಮೀಟರ್‌ನಷ್ಟು ಚಿಕ್ಕದಾಗಿದ್ದು, ಇನ್ನು ಕೆಲವರಲ್ಲಿ ೨೦ ಮಿಲಿಮೀಟರ್‌ವರೆಗೆ ಇರಬಹುದು. ಬೇರೆಬೇರೆ ಜನಸಮೂಹಗಳಲ್ಲಿ ನಡೆದ ಎಣಿಕೆಗಳಲ್ಲಿ ಇದರ ಪ್ರಮಾಣ ಶೇಕಡಾ ೦.೩ರಿಂದ ೨.೭ರವರೆಗೆ ಕಂಡುಬಂದಿದೆ; ಸುಮಾರಾಗಿ ನೂರಕ್ಕೆ ಒಬ್ಬರು ಎನ್ನಬಹುದು. ಚಾಚಿನ ಉದ್ದ, ಅದರ ಬುಡದ ಅಗಲ, ಒಳಗೆಣ್ಣಿನಿಂದ ಅದರ ದೂರ ಮತ್ತು ಮೂಳೆಯ ಒಟ್ಟು ಉದ್ದ ಇವು ಅಳತೆಯಲ್ಲಿ ಗಮನಿಸುವ ಮುಖ್ಯ ಅಂಶಗಳು. ಚಾಚು ಎಷ್ಟು ದೂರದಲ್ಲಿದೆ ಎಂಬುದನ್ನು ಮೂಳೆಯ ಒಟ್ಟು ಉದ್ದಕ್ಕೆ ಹೋಲಿಸಿದಾಗ ಮಾತ್ರ ಎತ್ತರದ ವ್ಯಕ್ತಿ ಮತ್ತು ಗಿಡ್ಡ ವ್ಯಕ್ತಿಯ ಅಳತೆಗಳನ್ನು ಸರಿಯಾಗಿ ಹೋಲಿಸಲು ಸಾಧ್ಯ.

ಇದೇ ಮೂಳೆಯ ಕೆಳತುದಿಯಲ್ಲಿ, ಎರಡು ಗೆಣ್ಣುಗಳ ನಡುವಣ ತೆಳುವಾದ ಪದರದಲ್ಲಿ ಕೆಲವರಿಗೆ ಒಂದು ತೂತು ಇರುವುದುಂಟು. ಅದು ಬೇರೆಯೇ ರಚನೆ. ಅದರ ಮೂಲಕ ನರವಾಗಲಿ ಪ್ರಧಾನ ರಕ್ತನಾಳವಾಗಲಿ ಹಾಯುವುದಿಲ್ಲ. ಹಾಗೆಯೇ ಮಕ್ಕಳು ಬಿದ್ದಾಗ ಮೊಣಕೈಯ ಮೇಲುಗಡೆ ಆಗುವ ಸುಪ್ರಾಕಾಂಡೈಲಾರ್ ಮುರಿತಕ್ಕೂ ಈ ಚಾಚಿಗೂ ಹೆಸರಿನ ಹೋಲಿಕೆಯಿದೆಯೇ ಹೊರತು ಸಂಬಂಧವಿಲ್ಲ.

ವೈದ್ಯಕೀಯ ಮಹತ್ವ

ಚಾಚು ಇರುವ ಬಹುತೇಕರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಬೇರಾವುದೋ ಕಾರಣಕ್ಕೆ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಅದು ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತದೆ. ಅಂತಹವರಿಗೆ ಚಿಕಿತ್ಸೆಯ ಅಗತ್ಯವಿಲ್ಲ. ಕೆಲವರಲ್ಲಿ ಮಾತ್ರ ಮೀಡಿಯನ್ ನರವು ಪಟ್ಟಿಯ ಕೆಳಗೆ ಅದುಮಲ್ಪಟ್ಟು, ಮುಂಗೈಯಲ್ಲಿ ನೋವು, ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳಲ್ಲಿ ಜೋಮು, ಹಿಡಿತದಲ್ಲಿ ಬಲಹೀನತೆ ಕಾಣಿಸಿಕೊಳ್ಳುತ್ತವೆ. ಮೊಣಕೈಯನ್ನು ಪೂರ್ತಿ ಚಾಚಿ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಿದಾಗ ನೋವು ಹೆಚ್ಚಬಹುದು. ಅಪಧಮನಿಯೂ ಒತ್ತಡಕ್ಕೆ ಸಿಕ್ಕರೆ ಆ ಭಂಗಿಯಲ್ಲಿ ಮಣಿಕಟ್ಟಿನ ನಾಡಿ ಕ್ಷೀಣಿಸುವುದುಂಟು.

ಇದೇ ನರವು ಮಣಿಕಟ್ಟಿನಲ್ಲಿ ಒತ್ತಲ್ಪಡುವ ಕಾರ್ಪಲ್ ಟನಲ್ ತೊಂದರೆಯು ಬಹಳ ಸಾಮಾನ್ಯವಾದುದರಿಂದ, ರೋಗಲಕ್ಷಣಗಳನ್ನು ಕಂಡ ಕೂಡಲೇ ಅದೇ ಇರಬಹುದೆಂದು ತಿಳಿಯುವ ಸಾಧ್ಯತೆ ಇದೆ. ಮಣಿಕಟ್ಟಿನಲ್ಲಿ ಶಸ್ತ್ರಕ್ರಿಯೆ ಮಾಡಿದರೂ ತೋಳಿನಲ್ಲಿರುವ ಕಾರಣ ಹಾಗೆಯೇ ಉಳಿದು ರೋಗಿಗೆ ಉಪಶಮನ ಸಿಗುವುದಿಲ್ಲ. ಮುಂಗೈಯನ್ನು ಒಳಮುಖವಾಗಿ ತಿರುಗಿಸುವ ಸ್ನಾಯುವೂ ಬಲಹೀನವಾಗಿದ್ದರೆ, ಅಂಗೈಯ ಹೆಬ್ಬೆರಳಿನ ಬುಡದ ಚರ್ಮದಲ್ಲಿಯೂ ಸ್ಪರ್ಶ ಕುಂದಿದ್ದರೆ, ಅಡಚಣೆಯು ಮಣಿಕಟ್ಟಿಗಿಂತ ಮೇಲಿದೆ ಎಂದು ಅನುಮಾನಿಸಬೇಕು. ಆಗ ಮೇಲ್ತೋಳಿನ ಒಳಬದಿಯನ್ನು ತಡವಿ ನೋಡುವುದು ಮೊದಲ ಹೆಜ್ಜೆ. ಚಾಚು ಮೂಳೆಯ ಓರೆಮೈಯಲ್ಲಿರುವುದರಿಂದ ನೇರವಾಗಿ ಅಥವಾ ಪಕ್ಕದಿಂದ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ತಪ್ಪಿಹೋಗಬಹುದು. ಓರೆಯಾಗಿ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಚಿತ್ರದಲ್ಲಿ ಚಾಚನ್ನು ಆಸ್ಟಿಯೋಕಾಂಡ್ರೋಮಾ ಎಂಬ ಮೂಳೆಗಡ್ಡೆಯೆಂದು ತಪ್ಪು ತಿಳಿಯುವ ಸಂಭವವೂ ಇದೆ. ಗಡ್ಡೆಯ ತುದಿ ಸಾಮಾನ್ಯವಾಗಿ ಕೀಲಿನಿಂದ ದೂರಕ್ಕೆ ಮುಖ ಮಾಡಿದ್ದರೆ, ಚಾಚಿನ ತುದಿ ಕೀಲಿನ ಕಡೆಗೇ ಬಾಗಿರುತ್ತದೆ. ಈ ವ್ಯತ್ಯಾಸವನ್ನು ಗಮನಿಸಿದರೆ ರೋಗಿಯನ್ನು ಅನಗತ್ಯ ಆತಂಕದಿಂದ ಪಾರುಮಾಡಬಹುದು. ತೋಳಿಗೆ ನೇರ ಪೆಟ್ಟು ಬಿದ್ದಾಗ ಚಾಚೇ ಮುರಿಯುವುದೂ ಉಂಟು. ಚಾಚು ಇಲ್ಲದೆ ಪಟ್ಟಿಯೊಂದೇ ಇರುವ ಸಂದರ್ಭಗಳೂ ವರದಿಯಾಗಿವೆ. ಆಗ ಕ್ಷ-ಕಿರಣ ಚಿತ್ರದಲ್ಲಿ ಯಾವ ಸುಳಿವೂ ಸಿಗುವುದಿಲ್ಲ. ತೊಂದರೆ ತೀವ್ರವಾಗಿದ್ದರೆ ಪಟ್ಟಿಯನ್ನು ಕತ್ತರಿಸಿ, ಚಾಚನ್ನು ಅದರ ಹೊದಿಕೆಯ ಸಮೇತ ತೆಗೆದುಹಾಕಲಾಗುತ್ತದೆ. ಹೊದಿಕೆಯನ್ನು ಬಿಟ್ಟರೆ ಮೂಳೆ ಮತ್ತೆ ಬೆಳೆಯುವ ಸಾಧ್ಯತೆ ಇರುತ್ತದೆ.

ಸ್ಟ್ರದರ್ಸ್ ಕಮಾನು

ಒಳಗೆಣ್ಣಿಗಿಂತ ಸುಮಾರು ೮ ಸೆಂಟಿಮೀಟರ್ ಮೇಲೆ, ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರವನ್ನು ದಾಟುವ ತಂತುಪಟ್ಟಿಗೆ ಸ್ಟ್ರದರ್ಸ್ ಕಮಾನು ಎಂಬ ಹೆಸರು ೧೯೭೩ರಲ್ಲಿ ಬಳಕೆಗೆ ಬಂದಿತು. ಇದು ಸ್ಟ್ರದರ್ಸ್ ಅಸ್ಥಿರಜ್ಜುವಿಗಿಂತ ಭಿನ್ನವಾದುದು. ಒಂದು ಮೀಡಿಯನ್ ನರಕ್ಕೆ ಸಂಬಂಧಿಸಿದ್ದು, ಇನ್ನೊಂದು ಅಲ್ನಾರ್ ನರಕ್ಕೆ. ಈ ಕಮಾನು ಎಷ್ಟು ಜನರಲ್ಲಿ ಇದೆ ಎಂಬ ಬಗ್ಗೆ ಅಂಗರಚನಾಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಆದರೂ ಅಲ್ನಾರ್ ನರವನ್ನು ಮೊಣಕೈಯ ಹಿಂಬದಿಯಿಂದ ಮುಂದಕ್ಕೆ ಸ್ಥಳಾಂತರಿಸುವ ಶಸ್ತ್ರಕ್ರಿಯೆಯಲ್ಲಿ, ಈ ಎತ್ತರದವರೆಗೆ ನರಕ್ಕೆ ಬಿಗಿತವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ವಾಡಿಕೆ.

ಪರಂಪರೆ

ಸ್ಟ್ರದರ್ಸ್ ಅವರ ಬರಹಗಳಲ್ಲಿ ದೊಡ್ಡ ಸಿದ್ಧಾಂತಗಳಿಗಿಂತ ಸಣ್ಣ ರಚನೆಗಳ ನಿಷ್ಠುರ ವಿವರಣೆಯೇ ಹೆಚ್ಚು. ಎರಡು ಸೆಂಟಿಮೀಟರ್‌ಗಿಂತ ಚಿಕ್ಕದಾದ ಮೂಳೆಚಾಚು ಮತ್ತು ಹನ್ನೆರಡು ಮೀಟರ್ ಉದ್ದದ ತಿಮಿಂಗಿಲ ಎರಡನ್ನೂ ಅವರು ಒಂದೇ ಕ್ರಮದಲ್ಲಿ ಅಳೆದು ಬಿಡಿಸಿ ನೋಡಿದರು. ಅವರ ತಿಮಿಂಗಿಲದ ಲೇಖನಗಳು ಅವಶೇಷಾಂಗಗಳನ್ನು ಕುರಿತ ಸಾಹಿತ್ಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತವೆ. ಕೈಯ ನರಗಳ ಚಿಕಿತ್ಸೆಯನ್ನು ಕಲಿಯುವ ಪ್ರತಿಯೊಬ್ಬ ವೈದ್ಯವಿದ್ಯಾರ್ಥಿಯೂ, ಮೀಡಿಯನ್ ನರವು ಸಿಕ್ಕಿಬೀಳಬಹುದಾದ ಸ್ಥಳಗಳ ಪಟ್ಟಿಯಲ್ಲಿ ಮೇಲಿನ ಹೆಸರಾಗಿ ಸ್ಟ್ರದರ್ಸ್ ಅಸ್ಥಿರಜ್ಜುವನ್ನು ಓದುತ್ತಾನೆ.